ಉತ್ಪನ್ನ ಇಲ್ರಿ

ಮನೆ ಬಾಗಿಲಿಗೇ ನೀರು ಬರುತ್ತದೆ ಎಂದು ಪಂಚಾಯ್ತಿಯವರು ಓಣಿ ಓಣಿಗೆ ಹೇಳಿಕೊಂಡು ಹೋದ ದಿನ ನನ್ನ ಕಣ್ಣು ಮೊದಲು ಹೋದದ್ದು ಮೂಲೆಯಲ್ಲಿದ್ದ ಜೋಳದ ಚೀಲಗಳ ಕಡೆಗೆ. ಇವನ್ನು ಎಲ್ಲಿ ಎತ್ತಿಡುವುದು ಎಂದು. ನಾನು ಹೊಳೆಆಲೂರಿನ ಮಗಳು. ನಮ್ಮ ತವರಿನಲ್ಲಿ ನೀರು ಮನೆ ಬಾಗಿಲಿಗೆ ಬಂತೆಂದರೆ ಮಲಪ್ರಭೆ ದಂಡೆ ಮೀರಿದ್ದಾಳೆ, ಕಾಳುಕಡಿ ಅಟ್ಟಕ್ಕೇರಿಸಬೇಕು, ದನ ಬಿಚ್ಚಿ ಮೇಲಿನ ಓಣಿಗೆ ಹೊಡೆಯಬೇಕು ಎಂದರ್ಥ. ಗಜೇಂದ್ರಗಡದ ಗುಡ್ಡದ ಕೆಳಗಿನ ಈ ಊರಿಗೆ ಸೊಸೆಯಾಗಿ ಬಂದು, ಇಲ್ಲಿಯ ಬಿಸಿಲಿಗೆ ಮೈ ಒಗ್ಗಿಸಿಕೊಂಡು, ಮಗಳನ್ನು ಕಾಲೇಜಿಗೆ ಹಚ್ಚಿದ ಮೇಲೂ ಈ ಹೆದರಿಕೆ ನನ್ನನ್ನು ಬಿಟ್ಟಿಲ್ಲ.

ನಮ್ಮತ್ತೆ ನನ್ನ ಮುಖ ನೋಡಿ ನಕ್ಕರು.

“ಇಲ್ಲೆ ನೀರ ಬಂದ್ರ ಚೀಲ ಎತ್ತೂದಲ್ಲವಾ, ಕೊಡ ಎತ್ತೂದು,” ಅಂದರು.

ಆ ಕೊಡವನ್ನಾದರೂ ನನಗೆ ಎತ್ತಲು ಬಿಡುತ್ತಾರೆಯೇ, ಅದೂ ಇಲ್ಲ. ಯಾವ ನೀರು ಯಾವ ಕೊಡಕ್ಕೆ ಎಂಬ ವಿಷಯದಲ್ಲಿ ಅವರಿಗೆ ನನ್ನ ಮೇಲೆ ಇವತ್ತಿಗೂ ನಂಬಿಕೆಯಿಲ್ಲ. ತವರಿನಲ್ಲಿ ನೀರೆಂದರೆ ನೀರು. ಹೊಳೆಯಿಂದ ತಂದದ್ದೇ ಕುಡಿಯುವುದಕ್ಕೆ, ಅದೇ ಅಡುಗೆಗೆ, ಅದೇ ಸ್ನಾನಕ್ಕೆ. ಇಲ್ಲಿ ಹಾಗಲ್ಲ. ಕುಡಿಯುವ ನೀರು ಬೇರೆ, ಬಳಸುವ ನೀರು ಬೇರೆ. ಕೆರೆಯದು ಬೇಳೆಗೆ, ಬೋರಿನ ಉಪ್ಪುಪ್ಪು ಸವಳು ನೀರು ಬಚ್ಚಲಿಗೆ. ಮದುವೆಯಾದ ಹೊಸದರಲ್ಲಿ ನಾನು ಸವಳು ನೀರಿಗೆ ತೊಗರಿ ಬೇಳೆ ಹಾಕಿ ಒಲೆಯ ಮುಂದೆ ಕೂತೆ. ಕೂತೇ ಕೂತೆ. ಕಟ್ಟಿಗೆ ಮುಗಿಯುತ್ತ ಬಂತು, ಬೇಳೆ ಮಾತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಇತ್ತು. ಅತ್ತೆ ಬಂದು ಗಡಿಗೆಯೊಳಗೆ ಇಣುಕಿ, “ಹೊಳಿ ದಂಡಿ ಹೆಣ್ಣು ತಂದ್ರ ಹಿಂಗ ನೋಡು,” ಎಂದು ನಕ್ಕಿದ್ದರು. ಅವತ್ತು ನನಗೆ ಅಳು ಬಂದಿತ್ತು. ಈಗ ಆ ಕಥೆಯನ್ನು ಬಂದವರಿಗೆಲ್ಲ ನಾನೇ ಹೇಳುತ್ತೇನೆ, ಅತ್ತೆ ಹೇಳುವುದಕ್ಕಿಂತ ಮೊದಲೇ.

ಒಮ್ಮೆ ಬಳಸಿದ ನೀರು ನಮ್ಮತ್ತೆಯ ಲೆಕ್ಕದಲ್ಲಿ ಹೊಸ ನೀರೇ. ಅಕ್ಕಿ ತೊಳೆದ ನೀರಿನಲ್ಲಿ ಕಾಯಿಪಲ್ಲೆ ತೊಳೆಯಬೇಕು, ಅದರಲ್ಲೇ ಗಂಗಾಳದ ಮೊದಲ ಜಿಡ್ಡು ಹೋಗಬೇಕು, ಆಮೇಲೆ ಅದು ಮುಸುರೆಯ ಬಾನಿಗೆ ಬಿದ್ದು, ಹಿಂಡಿ ತೌಡು ಸೇರಿಸಿಕೊಂಡು ಎಮ್ಮೆಯ ಹೊಟ್ಟೆಗೆ ಹೋಗಬೇಕು. ಬಚ್ಚಲಿನ ನೀರು ಹಿತ್ತಲಿನ ಕರಿಬೇವಿಗೂ ನುಗ್ಗೆಗೂ ಹರಿಯಬೇಕು. ನಾನೇನಾದರೂ ಮೈಮರೆತು ಒಂದು ತಂಬಿಗೆ ನೀರನ್ನು ಗಟಾರಕ್ಕೆ ಚೆಲ್ಲಿದರೆ ಅವರು ಬೈಯುವುದಿಲ್ಲ. ಹೋಗಿ ಗಟಾರವನ್ನು ನೋಡಿಕೊಂಡು ಬರುತ್ತಾರೆ, ಯಾರೋ ಬಿದ್ದಿದ್ದಾರೆ ಎಂಬಂತೆ. ಅದಕ್ಕಿಂತ ಬೈದರೇ ಚಲೋ ಅನಿಸುತ್ತದೆ.

ಇಷ್ಟೆಲ್ಲ ಆದರೂ ಎಮ್ಮೆಗೆ ಮುಸುರೆಯ ನೀರು ಎಲ್ಲಿ ಸಾಕಾಗಬೇಕು. ನಮ್ಮ ಮನೆಯ ಎದುರಿಗೆ, ರಸ್ತೆಯಾಚೆ, ಬೋರಿನ ಸವಳು ನೀರು ತುಂಬಿಸುವ ಒಂದು ಸಣ್ಣ ಟ್ಯಾಂಕಿದೆ. ನಮ್ಮಲ್ಲಿ ಅದಕ್ಕೆ ಗುಮ್ಮಿ ಎನ್ನುತ್ತಾರೆ. ಗುಮ್ಮಿಯ ಬುಡದಲ್ಲಿ ದನ ಕುಡಿಯಲು ಕಲ್ಲಿನ ಡೋಣಿ. ಬೆಳಿಗ್ಗೆ ಎಮ್ಮೆ ಅಲ್ಲಿ ಮೂತಿ ಇಟ್ಟರೆ ಡೋಣಿಯ ನೀರು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಮೈಮೇಲೂ ಕೊಡಗಟ್ಟಲೆ ಸುರಿಯಬೇಕು, ಇಲ್ಲವಾದರೆ ಸಂಜೆ ಹಾಲು ಇಳಿಸುವುದಿಲ್ಲ. ಮಾವ ತೀರಿಕೊಂಡ ಮೇಲೆ ಅತ್ತೆ ಹಿಡಿದುಕೊಂಡದ್ದು ಈ ಹೈನವನ್ನು. ಹಾಲು ಓಣಿಯ ಮನೆಗಳಿಗೆ, ಉಳಿದದ್ದಕ್ಕೆ ಹೆಪ್ಪು ಹಾಕಿ ಮೊಸರು ಗಜೇಂದ್ರಗಡದ ಪೇಟೆಗೆ, ಸಗಣಿ ತಟ್ಟಿ ಕುಳ್ಳು. ಎಮ್ಮೆ ಬದಲಾಗಿದೆ, ಇದು ಮೊದಲಿನದರ ಮೊಮ್ಮಗಳು. ಅತ್ತೆ ಬದಲಾಗಿಲ್ಲ.

ಇಂಥದ್ದರಲ್ಲಿ ನಳ ಬಂತು. ಪ್ರತಿ ಮನೆಯ ಮುಂದೂ ಒಂದು ನೀಲಿ ಪೈಪು ತಲೆ ಎತ್ತಿ ನಿಂತಿತು. ಹೊಳೆಯ ನೀರಂತೆ. ಯಾವ ಹೊಳೆ ಎಂದು ಕೇಳಿದರೆ ಒಬ್ಬರು ಮಲಪ್ರಭೆ ಎಂದರು, ಇನ್ನೊಬ್ಬರು ತುಂಗಭದ್ರೆ ಎಂದರು, ಪಂಚಾಯ್ತಿಯ ನೀರು ಬಿಡುವವನು, “ಅಕ್ಕಾರ, ನಾ ವಾಲ್ ತಿರುವಾಂವ ಅಷ್ಟ,” ಎಂದ. ನಮ್ಮ ಹೊಳೆಯೇ ಇರಬಹುದು ಎಂದು ನಾನು ಅಂದುಕೊಂಡೆ. ಮೊದಲ ದಿನ ಆ ನೀರಿನಲ್ಲಿ ಬೇಳೆ ಇಟ್ಟೆ. ಹೂವಿನ ಹಾಗೆ ಬೆಂದಿತು. ಹಿಗ್ಗಿನಲ್ಲಿ ಅತ್ತೆಯನ್ನು ಕರೆದು ತೋರಿಸಿದೆ. ಅವರು ಒಂದು ಬಕೆಟ್ ಅದೇ ನೀರನ್ನು ಎಮ್ಮೆಯ ಮುಂದೆ ಇಟ್ಟರು. ಎಮ್ಮೆ ಮೂಸಿ ನೋಡಿ, ಬ್ಲೀಚಿಂಗ್ ಪುಡಿ ಹಾಕಿದ ವಾಸನೆಗೆ ಮೂಗರಳಿಸಿ, ಮುಖ ತಿರುಗಿಸಿತು. ಹೋಗಿ ಸವಳು ನೀರಿನ ಡೋಣಿಗೇ ಬಾಯಿಟ್ಟಿತು. ಯಾವ ನೀರು ಒಳ್ಳೆಯದು ಎಂದು ಕೇಳಿದರೆ ನಾನೀಗ ಯಾರ ಮಾತು ಹೇಳಬೇಕು, ಬೇಳೆಯದೋ ಎಮ್ಮೆಯದೋ? ಅಲ್ಲದೆ ನಳದ ನೀರು ದನಕ್ಕಲ್ಲ, ಗಿಡಕ್ಕಲ್ಲ, ಮನುಷ್ಯರಿಗೆ ಮಾತ್ರ ಎಂದು ಪಂಚಾಯ್ತಿಯವರೂ ಹೇಳಿ ಹೋಗಿದ್ದರು. ಅದು ಬರುವುದೂ ತನಗೆ ಮನಸ್ಸಾದಾಗ. ಆದ್ದರಿಂದ ನಳವೂ ಇರಲಿ, ಗುಮ್ಮಿಯೂ ಇರಲಿ ಎಂದು ನಾವೆಲ್ಲ ನಿಶ್ಚಿಂತೆಯಿಂದ ಇದ್ದೆವು.

ಆಗ ಬಂದಳು ಆ ಹುಡುಗಿ. ಮೈಸೂರು ಕಡೆಯವಳು, ಮೃದು ಮಾತು, ಕೈಯಲ್ಲಿ ಮೊಬೈಲು. ಊರಿನವರು ನೀರನ್ನು ಹೇಗೆ ಬಳಸುತ್ತಾರೆ ಎಂದು ಕೇಳಿಕೊಂಡು ಹೋಗಲು ಕಳಿಸಿದ್ದರಂತೆ. ನಮ್ಮ ಕಟ್ಟೆಯ ಮೇಲೆ ಕೂರಿಸಿ ಅತ್ತೆ ಒಂದು ದೊಡ್ಡ ಲೋಟ ಮಜ್ಜಿಗೆ ಕೊಟ್ಟರು. ಅವಳು ಕುಡಿಯುತ್ತಲೇ ಕೇಳಿದಳು. ನಳ ಇದೆಯಾ, ಇದೆ. ಎಷ್ಟು ಜನ, ಇಷ್ಟು ಜನ. ಎಲ್ಲ ಸುಸೂತ್ರವಾಗಿ ನಡೆದಿತ್ತು. ಆಮೇಲೆ ರಸ್ತೆಯಾಚೆಯ ಗುಮ್ಮಿಯನ್ನು ತೋರಿಸಿ,

“ಅಮ್ಮಾ, ಆ ನೀರಿಂದ ನಿಮಗೇನಾದ್ರೂ ಉತ್ಪನ್ನ ಇದೆಯಾ?” ಎಂದಳು.

ಅತ್ತೆಯ ಮುಖ ದಾಖಲೆ ಬರೆಯುವ ತಲಾಟಿಯ ಮುಂದೆ ನಿಂತಂತೆ ಆಯಿತು.

“ಉತ್ಪನ್ನ ಎಲ್ಲಿಂದ ಬರಬೇಕವಾ? ಗಂಡ ಸತ್ತಾಕಿ ನಾ. ಉತ್ಪನ್ನ ಗಿತ್ಪನ್ನ ಏನೂ ಇಲ್ರಿ.”

ಹುಡುಗಿಗೆ ಇದ್ದಕ್ಕಿದ್ದಂತೆ ‘ರಿ’ ಹಚ್ಚಿದ್ದರು. ಅವಳು ಪಾಪ, ಗಂಡನ ಸಾವಿಗೂ ಗುಮ್ಮಿಗೂ ಏನು ಸಂಬಂಧ ಎಂದು ತಿಳಿಯದೆ ನನ್ನ ಕಡೆ ನೋಡಿದಳು. ನಾನು ಪಿಯುಸಿ ಓದಿದವಳು, ನಾನೂ “ಇಲ್ರಿ” ಎಂದೆ. ನಮ್ಮ ಬೆನ್ನ ಹಿಂದೆಯೇ ಎಮ್ಮೆ ಒಂದು ಸಲ ಒದರಿತು. ಅವಳು ಮಜ್ಜಿಗೆಯ ಲೋಟ ಕೆಳಗಿಟ್ಟು, ಮೊಬೈಲಿನಲ್ಲಿ ಇಲ್ಲ ಎಂದು ಒತ್ತಿಕೊಂಡು, ಮುಂದಿನ ಮನೆಗೆ ಹೋದಳು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬೇರೆ ಕಡೆ ಆದಾಯ ಎನ್ನುವುದಕ್ಕೆ ನಮ್ಮಲ್ಲಿ ಉತ್ಪನ್ನ ಎನ್ನುತ್ತಾರೆ. ಜಾತಿ ದಾಖಲೆ, ಉತ್ಪನ್ನ ದಾಖಲೆ ಎಂದರೆ ಸಾಲಿಗೆ ಹೋಗುವ ಮಕ್ಕಳಿಗೂ ಗೊತ್ತು. ಉತ್ಪನ್ನ ಕಡಿಮೆ ಇದ್ದರೆ ರೇಷನ್ ಕಾರ್ಡು, ಉತ್ಪನ್ನ ಇಲ್ಲದಿದ್ದರೆ ವಿಧವೆಯರ ಪಿಂಚಣಿ. ಅತ್ತೆ ಆ ಪಿಂಚಣಿಗಾಗಿ ತಾಲೂಕು ಕಚೇರಿಯ ಕಟ್ಟೆಯ ಮೇಲೆ ಕೂತು ಕೂತು, ಸಿಕ್ಕಸಿಕ್ಕವರಿಗೆಲ್ಲ “ಉತ್ಪನ್ನ ಇಲ್ರಿ” ಎಂದು ಹೇಳಿ ಹೇಳಿ, ಕೊನೆಗೆ ಪಡೆದವರು. ಅದಕ್ಕೆ ಅವರು ಪಗಾರ, ಎಂದರೆ ಸಂಬಳ, ಎನ್ನುತ್ತಾರೆ. ಸರಕಾರ ಸುಮ್ಮನೆ ಕೊಡುವುದು ಪಗಾರ, ತಾವು ನಸುಕಿನಿಂದ ಸಗಣಿಯಲ್ಲಿ ಕೈಯಿಟ್ಟು ದುಡಿಯುವುದಕ್ಕೆ ಹೆಸರೇ ಇಲ್ಲ. ಇದು ನನಗೆ ಆಗ ಹೊಳೆದಿರಲಿಲ್ಲ, ನಾನೂ ಪಗಾರ ಎಂದೇ ಹೇಳುತ್ತಿದ್ದೆ.

ಎದುರು ಮನೆಯ ಅಕ್ಕ ಕಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಹಾಕುವವಳು. ಅವಳ ಪಾತ್ರೆ ಪರಡಿ, ಹಂಚು, ಹಿಟ್ಟು ನಾದುವ ಕೊಣಮಿಗೆ ಎಲ್ಲ ತೊಳೆಯುವುದು ಗುಮ್ಮಿಯ ನೀರಿನಲ್ಲಿಯೇ. ಆ ಹುಡುಗಿ ಹೋಗುವ ಹೊತ್ತಿಗೆ ರೊಟ್ಟಿ ಬಡಿಯುತ್ತ ಕೂತಿದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳೂ “ಉತ್ಪನ್ನ ಇಲ್ರಿ” ಎಂದಳಂತೆ. ಓಣಿಗೆ ಓಣಿಯೇ ಇಲ್ಲ ಎಂದಿತು. ಸಂಜೆ ಗುಮ್ಮಿಯ ಹತ್ತಿರ ಸೇರಿದಾಗ ಎಲ್ಲರೂ ತಾವು ಎಷ್ಟು ಜಾಣತನದಿಂದ ಇಲ್ಲ ಎಂದೆವು ಎಂದು ಹೇಳಿಕೊಂಡರು. ನಾವು ಗೆದ್ದೆವು ಎಂದೇ ನಾನೂ ತಿಳಿದೆ.

ಕೆಲವು ದಿನ ಕಳೆದ ಮೇಲೆ ನೀರು ಬಿಡುವವನು ಬಂದು ಗುಮ್ಮಿಯ ಸುತ್ತ ಒಂದು ಸುತ್ತು ಹಾಕಿದ. ಮೋಟರಿನ ಪೆಟ್ಟಿಗೆ ತೆರೆದು ನೋಡಿದ. ಎಮ್ಮೆ ಹಿಡಿದುಕೊಂಡು ಅಲ್ಲೇ ನಿಂತಿದ್ದ ಅತ್ತೆ ಏನೆಂದು ಕೇಳಿದರು.

“ಇದನ್ನ ಬಂದ್ ಮಾಡ್ತಾರಂತ್ರಿ ಅಮ್ಮಾರ. ಮನಿಮನಿಗೆ ನಳ ಬಂದಾವು, ಇದಕ್ಕ ಸುಮ್ನ ಕರೆಂಟ್ ಯಾಕ ಅಂತ. ಮೋಟರ್ ಬ್ಯಾರೆ ಓಣಿಗೆ ಬೇಕಾಗೈತಿ.”

“ಮತ್ತ ನಮ್ಮ ದನ?”

“ನೀವ ಹೇಳೀರಂತಲ್ರಿ, ಈ ನೀರಿನಿಂದ ಏನೂ ಉತ್ಪನ್ನ ಇಲ್ಲಂತ.”

ಅತ್ತೆ ಮನೆಗೆ ಬಂದು ಕಂಬಕ್ಕೆ ಒರಗಿ ಕೂತರು. ಎಮ್ಮೆ ಅರ್ಧ ಕುಡಿದು ಬಂದದ್ದು ತಿರುಗಿ ತಿರುಗಿ ರಸ್ತೆ ನೋಡುತ್ತಿತ್ತು. ಡೋಣಿ ಒಣಗಿದರೆ ಎಮ್ಮೆ ಮಾರಲೇಬೇಕು. ಬೇರೆ ದಾರಿ ಇರಲಿಲ್ಲ. ಹಳ್ಳದಲ್ಲಿ ನೀರಿಲ್ಲ, ಕೆರೆಗೆ ದನ ಇಳಿಸುವಂತಿಲ್ಲ, ನಳಕ್ಕೆ ನಂಬಿಕೆಯಿಲ್ಲ. ನಮ್ಮ ಮನೆಯವರು ಸಂಜೆ ಹೊಲದಿಂದ ಬಂದು ಸುದ್ದಿ ಕೇಳಿ, “ಹೋಗ್ಲಿ ಬಿಡವಾ, ಈ ವಯಸ್ಸಿನಾಗ ನಿನಗ್ಯಾಕ ಎಮ್ಮಿ? ಆರಾಮ ಕೂತು ಉಣ್ಣು,” ಎಂದರು. ತಾಯಿಯ ಮೇಲಿನ ಪ್ರೀತಿಯಿಂದಲೇ ಅಂದದ್ದು.  ಆದರೂ ನನಗೆ ಅವತ್ತು ಮನೆಯವರ ಮೇಲೆ ಬಹಳ ಸಿಟ್ಟು ಬಂತು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಅತ್ತೆ ನನ್ನನ್ನು ಕರೆದು, “ನೀ ಓದಿದಾಕಿ. ಉತ್ಪನ್ನ ಇಲ್ಲ ಅಂದ್ರ ನೀರು ಯಾಕ ಬಂದ್ ಮಾಡ್ತಾರ? ಇಲ್ಲದವ್ರಿಗೆ ಅಲ್ಲೇನು ಸರಕಾರ ಕೊಡೂದು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಇಷ್ಟು ವರ್ಷ ಇಲ್ಲ ಎಂದದ್ದಕ್ಕೇ ಎಲ್ಲ ಸಿಕ್ಕಿತ್ತು. ಈಗ ಅದೇ ಮಾತು ಹೇಳಿದ್ದಕ್ಕೆ ಇದ್ದದ್ದೂ ಹೋಗುತ್ತಿದೆ. 

ಓಣಿಯವರು ತಕರಾರು ತೆಗೆದ ಮೇಲೆ ಪಂಚಾಯ್ತಿಯ ಮುಂದೆ ಸಭೆ ಸೇರಿತು. ಪಟ್ಟಣದಿಂದ ಒಬ್ಬ ಸಾಹೇಬರು ಬಂದಿದ್ದರು, ನಮ್ಮ ಕಡೆಯವರೇ, ರೋಣದ ಮಾತು. ಆ ಹುಡುಗಿಯೂ ಬಂದಿದ್ದಳು. ನಮ್ಮ ಮನೆಯವರು ಗಂಡಸರ ನಡುವೆ ಕೂತಿದ್ದರು, ಅತ್ತೆ, ನಾನು, ರೊಟ್ಟಿಯ ಅಕ್ಕ ಬೇವಿನ ಗಿಡದ ಕೆಳಗೆ. ಸಾಹೇಬರು ಕೇಳಿದರು, “ಈ ಗುಮ್ಮಿ ನೀರಿಂದ ಯಾರಿಗರ ಉತ್ಪನ್ನ ಐತೇನ್ರಿ?” ಹೆಂಗಸರೆಲ್ಲ ಒಂದೇ ದನಿಯಲ್ಲಿ “ಇಲ್ರಿ” ಎಂದರು. “ಮತ್ತ ಯಾಕ ಬೇಕು?” ಎಂದರು ಅವರು. “ದನಕ್ಕ ಬೇಕ್ರೀ,” ಎಂದರು ಹೆಂಗಸರು.

ಹುಡುಗಿ ತಟ್ಟನೆ ತಲೆ ಎತ್ತಿದಳು. “ದನ ಇದ್ದಾವಾ? ಹಾಲು ಮಾರ್ತೀರಾ? ಹಾಗಾದ್ರೆ ಉತ್ಪನ್ನ ಇದೆಯಲ್ಲ.”

“ಉತ್ಪನ್ನ ಇಲ್ರಿ, ಹಾಲು ಐತಿ,” ಎಂದಳು ರೊಟ್ಟಿಯ ಅಕ್ಕ.

“ಹಾಲೇ ಉತ್ಪನ್ನ.”

“ಹಾಲು ಹ್ಯಾಂಗ ಉತ್ಪನ್ನ ಆಗತೈತಿ?” ಎಂದು ಈಗ ಸಾಹೇಬರೇ ಕೇಳಿದರು. “ಹಾಲು ಮಾರಿ ಬಂದದ್ದು ಉತ್ಪನ್ನ.”

“ಇಲ್ಲ ಸರ್, ಹಾಲು, ಮೊಸರು, ರೊಟ್ಟಿ ಇವೆಲ್ಲ ಉತ್ಪನ್ನಗಳು. ಮಾರಿ ಬಂದದ್ದು ಆದಾಯ.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರೂ ಸ್ವಲ್ಪ ಹೊತ್ತು ತಮ್ಮ ತಮ್ಮಲ್ಲೇ ಜಗ್ಗಾಡಿದರು. ಗಂಡಸರು ನಕ್ಕರು. ನನಗೆ ಆಗ ತಿಳಿಯಿತು, ಆ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಕೇಳಿದ್ದು ಹಾಲು ಮೊಸರಿನ ವಿಷಯ, ಮಜ್ಜಿಗೆ ಕುಡಿಯುತ್ತಲೇ ಕೇಳಿದ್ದಳು. ಅತ್ತೆಯ ಕಿವಿಯಲ್ಲಿ ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಮುಖದ ಗಂಟು ಬಿಡಲಿಲ್ಲ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಕೇಳಿದರು.

“ಐತಿ ಅಂದ್ರ ಎಲ್ಲಿ ಬರಕೋತೀರಿ? ಅದು ತಾಲೂಕ ಕಚೇರಿಗೂ ಹೋಗತೈತೇನ್ರಿ?”

ಹುಡುಗಿ ಸಾಹೇಬರನ್ನು ನೋಡಿದಳು, ಸಾಹೇಬರು ಹುಡುಗಿಯನ್ನು ನೋಡಿದರು. “ಹೋಗಲಿಕ್ಕಿಲ್ಲ,” ಎಂದರು ಅವರು. “ಗೊತ್ತಿಲ್ಲ ಅಮ್ಮಾ,” ಎಂದಳು ಅವಳು. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳನ್ನು ಮೆಚ್ಚಬೇಕು. ಆದರೆ ನಮಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು. ಐತಿ ಎಂದರೆ ಎಮ್ಮೆ ಉಳಿಯಬಹುದು, ಪಗಾರ ಹೋಗಬಹುದು. ಇಲ್ಲ ಎಂದರೆ ಪಗಾರ ಉಳಿಯಬಹುದು, ಎಮ್ಮೆ ಹೋಗುವುದು ಖಚಿತ. ನಾನು ಅತ್ತೆಯ ಸೆರಗು ಜಗ್ಗಿದೆ. ಕೂರಿ ಎನ್ನಲೋ ಹೇಳಿ ಎನ್ನಲೋ ನನಗೇ ಗೊತ್ತಿರಲಿಲ್ಲ.

“ಬರಕೋರಿ,” ಎಂದರು ಅತ್ತೆ. “ನನಗ ಉತ್ಪನ್ನ ಐತಿ. ಹಾಲು ಮಾರತೀನಿ, ಮೊಸರು ಮಾರತೀನಿ, ಕುಳ್ಳು ಮಾರತೀನಿ. ಆ ಡೋಣಿ ನೀರಿಲ್ಲಂದ್ರ ಒಂದೂ ಇಲ್ಲ.”

ಯಾರೂ ನಗಲಿಲ್ಲ. ಗಂಡನಿಲ್ಲದ ಹೆಂಗಸು ನಾಲ್ಕು ಮಂದಿಯ ಮುಂದೆ ನಿಂತು ತನಗೆ ಉತ್ಪನ್ನ ಇದೆ ಎಂದದ್ದನ್ನು ನಮ್ಮೂರಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿಯ ಅಕ್ಕ ನೆಲ ನೋಡುತ್ತಲೇ, “ನಂದೂ ಐತಿ, ಬರಕೋರಿ,” ಎಂದಳು. ಹಿಂದಿನಿಂದ ಇನ್ನೊಂದೆರಡು ದನಿಗಳು ಬಂದವು. ಎಲ್ಲರೂ ಹೇಳಲಿಲ್ಲ. ಸಾಹೇಬರು ಹಣೆ ತಿಕ್ಕಿಕೊಂಡು, ಸದ್ಯಕ್ಕೆ ಮೋಟರು ಅಲ್ಲೇ ಇರಲಿ, ಮುಂದೆ ನೋಡೋಣ ಎಂದರು. ಆ ‘ಮುಂದೆ’ ಎಂದರೆ ಯಾವಾಗ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಪಗಾರದ ವಿಷಯವೂ ಹಾಗೇ ತೂಗಾಡುತ್ತಿದೆ. ಪ್ರತಿ ತಿಂಗಳೂ ಅದು ಬರುವವರೆಗೆ ನಾವಿಬ್ಬರೂ ಅದರ ಮಾತೆತ್ತುವುದಿಲ್ಲ.

ಸಭೆಯಿಂದ ಬಂದು ಅತ್ತೆ ಮೊದಲು ಎಮ್ಮೆಗೆ ನೀರು ಕುಡಿಸಿಕೊಂಡು ಬಂದರು. ಆಮೇಲೆ ನಾನು ಊಟಕ್ಕೆ ಬಡಿಸಿದೆ. ಮನೆಯವರು ಗೋಡೆಗೆ ಒರಗಿ ಗಂಗಾಳದ ಮುಂದೆ ಕೂತಿದ್ದರು, ಅತ್ತೆ ಅವರ ಎದುರಿಗೆ. ರೊಟ್ಟಿ, ಹೆಸರುಕಾಳಿನ ಪಲ್ಲೆ. ದಾರಿಯುದ್ದಕ್ಕೂ ಮನೆಯವರು ನಮಗಿಂತ ಮುಂದೆ ಮುಂದೆ ನಡೆದಿದ್ದರು. ಮಂದಿ ಏನೋ ಅಂದಿರಬೇಕು. ಅಷ್ಟೇ ಅಲ್ಲ, ಅವರು ನಿಜವಾಗಿಯೂ ಗೊಂದಲದಲ್ಲಿದ್ದಾರೆ ಎಂದು ನನಗನಿಸಿತು. ಮನೆಯ ಉತ್ಪನ್ನ ಎಂದರೆ ಹೊಲದ್ದು, ತಾವು ತಂದದ್ದು ಎಂದೇ ಅವರು ಹುಟ್ಟಿದಾಗಿನಿಂದ ತಿಳಿದಿದ್ದರು. ಅವ್ವ ಹಾಲು ಹಾಕುತ್ತಾಳೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಅವ್ವ ಕಸ ಹೊಡೆಯುತ್ತಾಳೆ ಎಂಬುದೂ ಹಾಗೆಯೇ ಗೊತ್ತಿತ್ತು. ಒಂದು ತುತ್ತು ಮುರಿದುಕೊಂಡು, ಜಗಳದ ದನಿಯಲ್ಲಲ್ಲ, ತಿಳಿಯದವರು ಕೇಳುವ ಹಾಗೆ ಕೇಳಿದರು.

“ಎಲ್ಲಾರ ಮುಂದ ಉತ್ಪನ್ನ ಐತಿ ಅಂದಿ. ಖರೇನ ಉತ್ಪನ್ನ ಇದ್ದಿದ್ರ ಇಷ್ಟು ವರ್ಷದಾಗ ಏನರ ಉಳೀಬೇಕಲ್ಲವಾ? ಏನ ಉಳದೈತಿ?”

ಅತ್ತೆ ಮಗನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದರು.

“ಉಳದದ್ದು ನನ್ನ ಮುಂದ ಕುಂತು ಉಣ್ಣಾಕತ್ತೈತಿ,” ಎಂದರು.

 ಮೊಸರಿನ ಗಡಿಗೆ ಹಿಡಿದುಕೊಂಡು ನಾನು ಇಬ್ಬರ ನಡುವೆ ನಿಂತಿದ್ದೆ. ಈ ಮನೆಯಲ್ಲಿ ಮೊದಲು ಯಾರಿಗೆ ಬಡಿಸಬೇಕು ಎಂಬುದು ನನಗೆ ಆ ಹೊತ್ತಿಗೆ ಗೊತ್ತಾಗಲಿಲ್ಲ.